ಕಾಕಾ ನನ್ನ ಹಿಂದೆ ಬರುತ್ತಿದ್ದ ಚಳಿಗಾಲ

ಕಳೆದ ತಿಂಗಳು ನಾಶಿಕದಲ್ಲಿ ನಾದಿನಿಯ ಮಗನ ಮದುವೆ ಮುಗಿಸಿಕೊಂಡು ಕಾರಿನಲ್ಲಿ ಮುಂಬಯಿಗೆ ಮರಳುತ್ತಿದ್ದೆವು. ಕಸಾರಾ ಘಾಟಿನ ಇಳಿಜಾರಿನಲ್ಲಿ ಲಾರಿಗಳು ಒಂದರ ಬೆನ್ನಿಗೆ ಒಂದು ತೆವಳುತ್ತಿದ್ದವು. ಮಗಳು ಹೊಟ್ಟೆ ತೊಳಸುತ್ತಿದೆ ಎಂದಳು. ಕಿಟಕಿಯ ಗಾಜು ಇಳಿಸಿದೆ. ಲಾರಿಗಳ ಬ್ರೇಕು ಕಾದು ಸುಟ್ಟ ವಾಸನೆ ಒಳಗೆ ನುಗ್ಗಿತು. ಆ ಕಮಟು ಮೂಗಿಗೆ ಬಡಿದದ್ದೇ ತಡ, ಮಡಿಲಲ್ಲಿದ್ದ ನನ್ನ ಎರಡೂ ಕೈಗಳ ಬೆರಳು ಬ್ರೇಕು ಹಿಡಿದಂತೆ ತಾವಾಗಿಯೇ ಮಡಚಿಕೊಂಡವು.

"ನೀ ಸೈಕಲ್ ಮ್ಯಾಲೆ ಬಂದಿದ್ದು ಇದ ದಾರಿ ಅಲ್ಲೇನು?" ಎಂದರು ನನ್ನ ಗಂಡ, ರಸ್ತೆಯಿಂದ ಕಣ್ಣು ತೆಗೆಯದೆ.

"ಹೂಂ, ಇದ ದಾರಿ."

ಮುಂದಿನ ಲಾರಿ ಸರಿಯಿತು. ಮಾತು ಮದುವೆ ಊಟದ ಕಡೆಗೆ ಹೊರಳಿತು. ಆದರೆ ಚೆಂಬೂರು ಮುಟ್ಟುವ ತನಕ ನನ್ನ ತಲೆಯಲ್ಲಿ ಆ ಒಂದು ಚಳಿಗಾಲವೇ ಓಡುತ್ತಿತ್ತು. ಮುಂಬಯಿಯ ಚಳಿಗಾಲ ಅಂದರೆ ಏನು, ಬೆಳಗಿನ ನಾಲ್ಕು ತಾಸಿನ ತಂಪು, ಉಳಿದದ್ದೆಲ್ಲ ಧೂಳು ಮುಸುಕಿದ ಬಿಸಿಲು. ಆದರೂ ಸೈಕಲ್ಲಿನವರಿಗೆ ವರ್ಷವೆಂದರೆ ಆ ನಾಲ್ಕು ತಾಸೇ.

ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸದವಳು. ಬೆಳಿಗ್ಗೆ ಎಂಟರಿಂದ ಟೋಕನ್ ಕರೆದು, ರಬ್ಬರ್ ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚುವುದು. ತವರು ವಿಜಯಪುರ, ಮದುವೆಯಾಗಿ ಚೆಂಬೂರಿನ ಕಾಲೊನಿಗೆ ಬಂದು ಹದಿನೆಂಟು ವರ್ಷ. ಕೊರೊನಾ ಕಾಲದಲ್ಲಿ ಲೋಕಲ್ ರೈಲು ನಿಂತುಹೋದಾಗ ಆಸ್ಪತ್ರೆಗೆ ರಜೆ ಇರಲಿಲ್ಲ. ನೆರೆಮನೆಯವರ ಹಳೆಯ ಸೈಕಲ್ ಕೇಳಿ ತಂದು, ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು, ಖಾಲಿ ಬಿದ್ದ ರಸ್ತೆಯಲ್ಲಿ ಪರೇಲಿಗೆ ಹೋಗತೊಡಗಿದೆ. ಮೂರನೆಯ ದಿನವೇ ಬಿಲ್ಡಿಂಗಿನ ಗೇಟಿನ ಮುಂದೆ ಚೈನು ಕಳಚಿತು. ಕೈಯೆಲ್ಲ ಮಸಿ ಮಾಡಿಕೊಂಡು ಕೂತಿದ್ದಾಗ ಎದುರಿನ ಬಿಲ್ಡಿಂಗಿನಿಂದ ಎತ್ತರದ, ಬಡಕಲು ಮನುಷ್ಯರೊಬ್ಬರು ಇಳಿದು ಬಂದರು.

"ಅದನ್ನ ಕೆಳಗಿಂದ ಹಾಕಬಾರದವ್ವಾ. ಮ್ಯಾಲಿನ ಹಲ್ಲಿಗೆ ಕೂಡಿಸಿ, ಪೆಡಲ್ ಹಿಂದಕ್ಕ ತಿರುಗಿಸು. ತಾನ ಕುಂಡ್ರತೈತಿ."

ಹಾಗೇ ಆಯಿತು. ಅವರೇ ಬಸವಂತ ಕಾಕಾ. ಬೈಲಹೊಂಗಲದ ಕಡೆಯವರು, ಮಾಹುಲದ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಸುಶೀಲಾ ಕಾಕು, ಮಂಡಿನೋವಿನಿಂದ ಮನೆ ಬಿಟ್ಟು ಹೊರಗೆ ಬರುವುದು ಕಡಿಮೆ. ಒಬ್ಬನೇ ಮಗ ಮಹೇಶ ಬೊರಿವಲಿಯಲ್ಲಿ ಸಂಸಾರ ಹೂಡಿದ್ದ. ಕಾಕಾನಿಗೆ ಸೈಕಲ್ಲೇ ಎರಡನೆಯ ಸಂಸಾರ. ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿ ತಾವೇ ಕಟ್ಟಿದ ಹಸಿರು ಬಣ್ಣದ ಸೈಕಲ್ಲಿನ ಮೇಲೆ ಅವರು ಪುಣೆ, ನಾಶಿಕ, ದಮಣ್ ಎಲ್ಲ ಕಡೆ ಹೋಗಿಬಂದಿದ್ದರು.

ಲೋಕಲ್ ಮತ್ತೆ ಶುರುವಾದ ಮೇಲೂ ನಾನು ಸೈಕಲ್ ಬಿಡಲಿಲ್ಲ. ರವಿವಾರ ಬೆಳಿಗ್ಗೆ ಕಾಕಾನ ಜೊತೆ ಹೊರಡುವುದು ರೂಢಿಯಾಯಿತು. ಮೊದಲು ಠಾಣೆಯ ತನಕ, ಆಮೇಲೆ ಘೋಡ್‌ಬಂದರ್ ರಸ್ತೆ ಹಿಡಿದು ಬೊರಿವಲಿ ಸುತ್ತಿ ಸಾಯನ್ ಮೇಲೆ ಮನೆಗೆ. ಎಂಬತ್ತು ಕಿಲೋಮೀಟರು. "ಲೋಕಲ್ ಐತಿ, ಬಸ್ ಐತಿ, ಇಷ್ಟ್ ದೂರ ಸುಮ್ಮನ ಪೆಡಲ್ ತುಳಿಯೂದು ಯಾಕ?" ಎಂದು ನನ್ನ ಗಂಡ ನಗುತ್ತಿದ್ದರು. ಯಾಕೆ ಎಂದು ನನಗೂ ಹೇಳಲು ಬರುತ್ತಿರಲಿಲ್ಲ. ಮೊದಲ ಇಪ್ಪತ್ತು ಕಿಲೋಮೀಟರು ಮೈ ಗೊಣಗುತ್ತದೆ. ಐವತ್ತರ ಹೊತ್ತಿಗೆ ಮನಸ್ಸಿನೊಳಗಿನ ಗೊಣಗಾಟವೂ ಮುಗಿದಿರುತ್ತದೆ. ಅದಾದ ಮೇಲೆ ಚೈನಿನ ಸಣ್ಣ ಸದ್ದು, ನಮ್ಮದೇ ಉಸಿರು, ಮುಂದಿನ ಹತ್ತು ಮಾರು ರಸ್ತೆ. ದಿನವಿಡೀ ಬೇರೆಯವರ ಮುಂಗೈ ನೋಡುತ್ತ ನಿಲ್ಲುವವಳಿಗೆ ಅಷ್ಟು ಸಾಕಾಗಿತ್ತು.

ಕಾಕಾ ಕಲಿಸಿದ್ದರಲ್ಲಿ ದೊಡ್ಡ ತತ್ವ ಏನೂ ಇರಲಿಲ್ಲ. ಬಾಯಾರುವ ಮೊದಲೇ ನೀರು ಕುಡಿ. ಹಸಿಯುವ ಮೊದಲೇ ತಿನ್ನು. ಬಾಟಲಿಯ ನೀರಿಗೆ ನಿಂಬೆರಸ, ಉಪ್ಪು, ಒಂದು ಚಮಚ ಸಕ್ಕರೆ. ಹಿಂದಿನ ರಾತ್ರಿಯೇ ಗಾಲಿಗೆ ಗಾಳಿ ಹಾಕಿಡು, ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಮುಳ್ಳು ಉಳಿದಿದೆ ಅಂತ ಅರ್ಥ. ದಾಬಾದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡ. "ಕುಂತ್ರ ಕಾಲು ಕಲ್ಲಾಗ್ತಾವ. ಆಮ್ಯಾಲ ಎಬ್ಬಸೂದು ಯಾರ ಕೈಲೂ ಆಗಂಗಿಲ್ಲ." ಸೀಟಿಗೆ ತೊಡೆ ಉಜ್ಜಿ ಹುಣ್ಣಾಗದಂತೆ ಏನು ಮಾಡಬೇಕು ಎಂಬುದನ್ನು ಮಾತ್ರ ಅವರು ಹೇಳಲು ನಾಚಿಕೊಂಡು ಕಾಕುವಿನ ಬಾಯಿಂದ ಹೇಳಿಸಿದರು. ಕೊಬ್ಬರಿ ಎಣ್ಣೆ ಹಚ್ಚು ಎಂದರು ಕಾಕು, ಸೆರಗು ಬಾಯಿಗಿಟ್ಟುಕೊಂಡು ನಗುತ್ತ. ಹೆದ್ದಾರಿಯಲ್ಲಿ ಹೆಂಗಸರು ಹೋಗಬಹುದಾದ ಶೌಚಾಲಯ ಯಾವ ಯಾವ ಪೆಟ್ರೋಲ್ ಪಂಪಿನಲ್ಲಿದೆ ಎಂಬ ಪಟ್ಟಿಯನ್ನು ನಾನೇ ಮಾಡಿಕೊಂಡೆ. ಅದನ್ನು ಯಾವ ಗಂಡಸೂ ಕಲಿಸಲಾರ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಕಾಕಾ ಒಂದು ಯೋಜನೆ ಹಾಕಿದರು. ನಿಗದಿತ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಸೈಕಲ್ಲಿನವರು ಬ್ರೆವೆ ಎನ್ನುತ್ತಾರೆ. ಅದು ಪಂದ್ಯವಲ್ಲ, ಮೊದಲು ಬಂದವರಿಗೆ ಬಹುಮಾನವಿಲ್ಲ. ದಾರಿಯ ಗೊತ್ತಾದ ಜಾಗಗಳಲ್ಲಿ ಕಾರ್ಡಿಗೆ ಸಿಕ್ಕಾ, ಅಂದರೆ ಮುದ್ರೆ, ಹಾಕಿಸಿಕೊಂಡು ಹೊತ್ತಿಗೆ ಸರಿಯಾಗಿ ಮರಳಿದರೆ ಆಯಿತು. ಡಿಸೆಂಬರಿನಲ್ಲಿ ಬೊರಿವಲಿಯಿಂದ ಚಾರೋಟಿಗೆ ಹೋಗಿಬರುವ ಇನ್ನೂರು, ಫೆಬ್ರವರಿಯಲ್ಲಿ ಠಾಣೆಯಿಂದ ನಾಶಿಕಕ್ಕೆ ಹೋಗಿಬರುವ ಮುನ್ನೂರು. ಎರಡಕ್ಕೂ ಇಬ್ಬರ ಹೆಸರು ಕೊಟ್ಟರು.

"ನನಗ ಅರವತ್ತೈದು ತುಂಬತೈತಿ. ಇನ್ನೊಮ್ಮೆ ಮುನ್ನೂರು ಮಾಡಬೇಕಂತ ಆಸೆ. ನಿನ್ನ ಜೋಡಿ ಆದ್ರ ಆಗತೈತಿ," ಎಂದರು.

ಆ ನವೆಂಬರಿನಲ್ಲಿ ಇನ್ನೊಂದು ಬದಲಾವಣೆಯಾಗಿತ್ತು. ಅಲ್ಲಿಯವರೆಗೆ ಕಾಕಾ ಮುಂದೆ, ನಾನು ಅವರ ಹಿಂದಿನ ಗಾಲಿಗೆ ಅಂಟಿಕೊಂಡು. ಮುಂದಿನವರು ಗಾಳಿ ಸೀಳಿಕೊಟ್ಟರೆ ಹಿಂದಿನವರಿಗೆ ಹಗುರ. ಹೊಂಡ ಬಂದರೆ ಮುಂದಿನವರು ಕೈ ಕೆಳಗೆ ಮಾಡಿ ತೋರಿಸುತ್ತಾರೆ. ಈಗ ಕಾಕಾ, "ನೀ ಮುಂದ ನಡಿ, ನಾ ಹಿಂದ ಇರ್ತೀನಿ," ಎನ್ನತೊಡಗಿದರು. ನನಗೆ ಹೆಮ್ಮೆ. ಕಾಲಿಗೆ ಬಲ ಬಂತು, ಕಾಕಾ ನನ್ನನ್ನು ಒಪ್ಪಿಕೊಂಡರು ಎಂದುಕೊಂಡೆ. ಮನೆಯಲ್ಲಿ ಗಂಡನ ಮುಂದೆ ಹೇಳಿಕೊಂಡೆ ಕೂಡ.

ಸಣ್ಣಪುಟ್ಟ ಸಂಗತಿಗಳು ಕಣ್ಣಿಗೆ ಬೀಳದೆ ಇರಲಿಲ್ಲ. ಘೋಡ್‌ಬಂದರಿನ ಚಹಾದಂಗಡಿಯಲ್ಲಿ ನಾನು ಅವರ ಎಡಕ್ಕೇ ನಿಂತಿದ್ದರೂ, "ಸುನಂದಾ ಎಲ್ಲಿ ಹೋದ್ಲು?" ಎಂದು ಅಂಗಡಿಯವನನ್ನು ಕೇಳಿದರು. ಮೆಟ್ರೋ ಕೆಲಸದ ತಗಡಿನ ಬೇಲಿಗೆ ಎರಡು ಸಲ ಹ್ಯಾಂಡಲ್ ತಾಗಿಸಿಕೊಂಡರು. ದೂರದ ಬೋರ್ಡಿನ ಸಣ್ಣ ಅಕ್ಷರಗಳನ್ನು ಮಾತ್ರ ನನಗಿಂತ ಮೊದಲೇ ಓದುತ್ತಿದ್ದರು. ಹಾಗಾಗಿ ಕಣ್ಣಿನ ಅನುಮಾನ ನನಗೆ ಬರಲೇ ಇಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಬರಬೇಕಿತ್ತು.

ಡಿಸೆಂಬರಿನ ಇನ್ನೂರು ಚೆನ್ನಾಗಿಯೇ ಶುರುವಾಯಿತು. ಬೆಳಗಿನ ಐದಕ್ಕೆ ಬೊರಿವಲಿಯಿಂದ ಹೊರಟೆವು. ಕಾಕು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಅಂಗಿಯ ಬೆನ್ನುಜೇಬಿನಲ್ಲಿ. ವಸಯಿ ಖಾಡಿ ದಾಟುವಾಗ ನೀರಿನ ಮೇಲೆ ಹೊಗೆಯಂಥ ಮಂಜು, ಕೆಳಗೆ ಮೀನಿನ ದೋಣಿಯ ಒಂದೇ ದೀಪ. ಹತ್ತೂವರೆಗೆ ಚಾರೋಟಿಯಲ್ಲಿ ಕಾರ್ಡಿಗೆ ಸಿಕ್ಕಾ ಬಿತ್ತು. ಬೇಕಾದದ್ದಕ್ಕಿಂತ ಒಂದೂವರೆ ತಾಸು ಮುಂದಿದ್ದೆವು. ಕಾಕಾ ಬಾಳೆಹಣ್ಣು ಸುಲಿಯುತ್ತ, "ಫೆಬ್ರವರಿ ನಮ್ದ," ಎಂದರು.

ಮರಳುವಾಗ ಮನೋರದ ಆಚೆ, ಹೆದ್ದಾರಿಯ ಅಂಚಿನ ಬಿಳಿ ಗೆರೆಯ ಪಕ್ಕದಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ಬಹಳ ದೂರದಿಂದಲೇ ಕಾಣುತ್ತಿದ್ದಳು. ನಾನು ಕೈ ಮಾಡಿ ತೋರಿಸಿ, ಬಲಕ್ಕೆ ಸರಿದು ದಾಟಿದೆ. ನಾಲ್ಕು ಪೆಡಲ್ ತುಳಿದಿರಬೇಕು, ಹಿಂದೆ ಲೋಹ ರಸ್ತೆಗೆ ಉಜ್ಜಿದ ಸದ್ದು. ಅದರ ಹಿಂದೆಯೇ ಒಂದು ಕೂಗು.

ತಿರುಗಿ ನೋಡಿದರೆ ಕಾಕಾ ಒಂದು ಕಡೆ, ಸೈಕಲ್ ಒಂದು ಕಡೆ, ಹೆಂಗಸು ಮಣ್ಣಿನಲ್ಲಿ ಕೂತಿದ್ದಳು. ಬುಟ್ಟಿಯ ಹುಣಸೆಹಣ್ಣು ರಸ್ತೆ ತುಂಬ. ಅವಳು ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ತುಟಿ ಕಚ್ಚಿದ್ದಳು. ನೋಡಿದ ಕೂಡಲೇ ಗೊತ್ತಾಯಿತು, ಮುರಿದಿದೆ.

"ಒಮ್ಮೆಲೇ ಅಡ್ಡ ಬಂದ್ಲು," ಎಂದರು ಕಾಕಾ. ಅವರ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. "ಒಮ್ಮೆಲೇ ಬಂದ್ಲು ಸುನಂದಾ."

ಅವಳು ಬಂದಿರಲಿಲ್ಲ. ಅವಳು ಅಷ್ಟು ಹೊತ್ತಿನಿಂದ ಅಲ್ಲೇ ಇದ್ದಳು.

ನನ್ನ ಓಢಣಿ ಕಟ್ಟಿ ಅವಳ ಕೈಯನ್ನು ಎದೆಗೆ ಆನಿಸಿ, ರಿಕ್ಷಾ ಹಿಡಿದು, ಹತ್ತಿರದ ಸರಕಾರಿ ದವಾಖಾನೆಗೆ ಕರೆದೊಯ್ದೆವು. ಹೆಸರು ಜಾನಕಿಬಾಯಿ. ಪ್ಲಾಸ್ಟರ್ ಹಾಕುವಾಗಲೂ ಅವಳು ಅಳಲಿಲ್ಲ. ಅವಳ ಮಗಳು ಬರುವ ತನಕ ಕಾದೆವು. ಕಾಕಾ ಹೊರಗಿನ ಕಟ್ಟೆಯ ಮೇಲೆ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಒಳಗೆ ಬರಲೇ ಇಲ್ಲ.

ಹೊತ್ತು ಮೀರಿತ್ತು. ಇಬ್ಬರೂ ಸವಾರಿ ಕೈಬಿಟ್ಟು ವಿರಾರ್‌ವರೆಗೆ ಟೆಂಪೋದಲ್ಲಿ ಬಂದು, ಲೋಕಲ್‌ನ ಲಗೇಜ್ ಡಬ್ಬಿಗೆ ಸೈಕಲ್ ಹತ್ತಿಸಿದೆವು. ಸಂಜೆ ಐದರ ಇಳಿಬಿಸಿಲು. ಡಬ್ಬಿಯಲ್ಲಿ ಖಾಲಿ ಮೀನಿನ ಬುಟ್ಟಿಗಳು, ಹೂವಿನ ಮೂಟೆಯ ಮೇಲೆ ಮಲಗಿದ್ದ ಒಬ್ಬ ವ್ಯಾಪಾರಿ. ನಾಲಾಸೋಪಾರ ದಾಟಿತು, ವಸಯಿ ದಾಟಿತು. ನಾನು ಕೇಳಿದೆ:

"ಕಾಕಾ, ನಾ ಕೈ ಮಾಡಿದ್ದು ಕಾಣಲಿಲ್ಲೇನ್ರಿ?"

ಅವರು ಸೈಕಲ್ಲಿನ ಸೀಟಿನ ಮಣ್ಣು ಒರೆಸಿದರು. ಆಮೇಲೆ, ಎದುರಿನ ತಗಡಿಗೆ ಹೇಳುವಂತೆ ಹೇಳಿದರು.

"ಎರಡು ವರ್ಷ ಆತು. ನಡುವಿಂದು ಚಂದ ಕಾಣತೈತಿ. ಬಾಜೂದ್ದು ಇಲ್ಲ. ಸಣ್ಣ ಓಣಿಯಾಗಿಂದ ನೋಡಿದಂಗ. ಕಾಚಬಿಂದು, ಗ್ಲಾಕೋಮಾ ಅಂದ್ರು ಡಾಕ್ಟರು. ಹೋದದ್ದು ಹೊಳ್ಳಿ ಬರಂಗಿಲ್ಲಂತ. ಇದ್ದದ್ದು ಉಳೀಲಿ ಅಂತ ಹನಿ ಹಾಕ್ಕೊಳ್ತೀನಿ."

"ಮತ್ತ ಸೈಕಲ್ ಹೆಂಗ್ ಹೊಡೀತೀರಿ?"

"ನಿನ್ನ ಹಿಂದಿನ ಕೆಂಪು ದೀಪ ಐತೆಲ್ಲ. ಅದನ್ನ ಹಿಡಕೊಂಡ ಬರ್ತೀನಿ. ನೀ ಹೊಳ್ಳಿದಲ್ಲೆ ಹೊಳ್ಳತೀನಿ. ಇವತ್ತ ಬಿಸಿಲಿಗೆ ದೀಪ ಕಾಣಲಿಲ್ಲ."

ನನ್ನ ನವೆಂಬರಿನ ಹೆಮ್ಮೆಯೆಲ್ಲ ಆ ಡಬ್ಬಿಯ ನೆಲದ ಮೇಲೆ ಮೀನಿನ ನೀರಿನ ಜೊತೆ ಹರಿದು ಹೋಯಿತು. ಅಷ್ಟು ದಿನ ಅರೆಗುರುಡರೊಬ್ಬರನ್ನು ಲಾರಿಗಳ ನಡುವೆ ನಡೆಸಿಕೊಂಡು ಬಂದಿದ್ದೆ, ನನಗೇ ತಿಳಿಯದೆ.

"ಕಾಕುಗೆ ಗೊತ್ತೈತೇನ್ರಿ?"

"ಇಲ್ಲ. ಮಹೇಶಗೂ ಇಲ್ಲ. ನೀ ಹೇಳಬ್ಯಾಡ." ಅವರು ನನ್ನ ಕಡೆ ತಿರುಗಿದರು, ಇಡೀ ತಲೆ ತಿರುಗಿಸಿ ನನ್ನ ಮುಖವನ್ನು ಹುಡುಕಿದರು. "ಫೆಬ್ರವರಿ ತನಕ ಅಷ್ಟ. ಅದೊಂದು ಮುನ್ನೂರು ಆಗಲಿ. ಆಮ್ಯಾಲ ನಾನ ನಿಲ್ಲಸ್ತೀನಿ. ಕೈ ಮುಗೀತೀನಿ."

ಅರವತ್ನಾಲ್ಕು ವರ್ಷದವರು ನಿಜವಾಗಿಯೂ ಕೈ ಮುಗಿದರು. ನಾನು "ಆತ್ರಿ" ಎಂದೆ. ಆ ಮಾತು ಬಾಯಿಂದ ಬಂದದ್ದೇ ನನ್ನ ಚಳಿಗಾಲ ಕೆಟ್ಟಿತು.

ಮುಂದಿನ ರವಿವಾರ ಕಾಕಾನಿಗೆ ಹೇಳದೆ ಒಬ್ಬಳೇ ಜಾನಕಿಬಾಯಿಯ ಪಾಡಾಕ್ಕೆ, ಅಂದರೆ ಆದಿವಾಸಿಗಳ ಕೇರಿಗೆ, ಹೋದೆ. ಕಾಡಿನ ಕಾರವಿ ಗಿಡದ ಕಡ್ಡಿ ಹೆಣೆದ ಗೋಡೆಗೆ ಒರಗಿ ಕೂತಿದ್ದಳು. ಮಗಳು ಒಲೆಯ ಮುಂದಿದ್ದಳು. ನಾನು ತಂದ ಹಣ್ಣು, ಔಷಧಿ ಪಕ್ಕಕ್ಕಿಟ್ಟು ಅವಳು ಮೊದಲು ಕೇಳಿದ್ದು, "ಮ್ಹಾತಾರಾ ಬರಾ ಆಹೇ ಕಾ?" ಮುದುಕ ಆರಾಮ ಇದ್ದಾನೆಯೇ ಎಂದು. ನಾನು ಹೂಂ ಎಂದೆ. ಆರು ವಾರ ಕೈ ಎತ್ತುವಂತಿಲ್ಲ, ಹುಣಸೆ ಬಡಿಯುವ ದಿನಗಳೆಲ್ಲ ಹೋಗುತ್ತವೆ ಎಂದಳು ಮಗಳು, ನನ್ನ ಮುಖ ನೋಡದೆ. ಬೈದಿದ್ದರೆ ಹಗುರಾಗುತ್ತಿತ್ತು.

ಆದರೂ ಡಿಸೆಂಬರಿನ ಕೊನೆಯ ಎರಡು ರವಿವಾರ ಕಾಕಾನ ಜೊತೆ ಹೋದೆ. ಅವರ ಮುಖ ನೋಡಿದರೆ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ನನ್ನ ಹಿಂದಿನ ದೀಪವನ್ನು ಬದಲಿಸಿ ಹಗಲಿಗೂ ಕಾಣುವಂಥ ದೊಡ್ಡದನ್ನು ಹಾಕಿದೆ. ದಾರಿಯುದ್ದಕ್ಕೂ ಕೂಗಿದೆ. "ಎಡಕ್ಕ ತಗ್ಗು! ಬಲಕ್ಕ ಬಸ್ಸು! ಮುಂದ ಮಂದಿ ಅದಾರ, ಸಾವಕಾಶ!" ಐವತ್ತು ಕಿಲೋಮೀಟರು ದಾಟಿದರೂ ಮನಸ್ಸು ಸುಮ್ಮನಾಗಲಿಲ್ಲ. ಹಿಂದಿನ ಗಾಲಿಯ ಸದ್ದಿಗೆ ಕಿವಿಯೊಡ್ಡಿ ಕತ್ತು ನೋಯುತ್ತಿತ್ತು. ಹೆದ್ದಾರಿಯ ಮೇಲೆ ಆ ವರ್ಷ ಹೊಗೆಮಂಜು ಬೇರೆ, ಒಂಬತ್ತಾದರೂ ಸೂರ್ಯ ತಾಮ್ರದ ಬಿಲ್ಲೆಯಂತೆ ಮಂಕಾಗಿ ನಿಂತಿರುತ್ತಿದ್ದ. ಮನೆಗೆ ಬಂದು ಮುಖ ತೊಳೆದರೆ ನೀರು ಕಪ್ಪಗೆ ಇಳಿಯುತ್ತಿತ್ತು.

ಜನವರಿಯ ಎರಡನೆಯ ವಾರ ನನಗೆ ರವಿವಾರವೂ ಡ್ಯೂಟಿ ಬಿತ್ತು. ಮರುದಿನ ಸಂಜೆ ಗೇಟಿನ ಬಳಿ ಕಾಕಾ ಸಿಕ್ಕರು. ಕಣ್ಣು ಹೊಳೆಯುತ್ತಿದ್ದವು.

"ನಿನ್ನೆ ಒಬ್ಬನ ವಾಶಿ ಪೂಲ್ ದಾಟಿ ಬಂದೆ. ಏನೂ ಆಗಲಿಲ್ಲ ನೋಡು. ರೂಢಿ ಐತಿ ನನಗ."

ವಾಶಿ ಸೇತುವೆಯ ಮುಂಚೆ, ಮಾನಖುರ್ದಿನ ತಿರುವಿನಲ್ಲಿ, ಬೆಳಿಗ್ಗೆ ಮಕ್ಕಳು ರಸ್ತೆಯಂಚಿನಲ್ಲೇ ನೀರಿನ ಕ್ಯಾನು ಹಿಡಿದು ಸಾಲುಗಟ್ಟಿ ಹೋಗುತ್ತಾರೆ. ನಾನು ಅವರನ್ನು ಎಷ್ಟೋ ಸಲ ನೋಡಿದ್ದೆ. ಕಾಕಾ ನೋಡಿರಲಿಲ್ಲ.

ಎರಡು ದಿನಕ್ಕೆ ಸಂಕ್ರಾಂತಿ. ಎಳ್ಳುಬೆಲ್ಲ ತೆಗೆದುಕೊಂಡು ಕಾಕುವಿನ ಮನೆಗೆ ಹೋದೆ. ಕಾಕಾ ಪೇಟೆಗೆ ಹೋಗಿದ್ದರು. ಕಾಕು ಕಾಲು ಚಾಚಿ ಕೂತು ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದರು.

"ಯಾಕ ಸಪ್ಪಗಿದ್ದಿ? ಮಗಳದ್ದೇನರ ಆತೇನು?"

"ಇಲ್ರಿ ಕಾಕು." ಎಳ್ಳುಬೆಲ್ಲದ ಪೊಟ್ಟಣ ಅವರ ಮುಂದಿಟ್ಟೆ. ಆಮೇಲೆ ತಡೆಯಲಾಗಲಿಲ್ಲ. "ಕಾಕಾಗ ಕಣ್ಣು ಕಾಣಂಗಿಲ್ರಿ. ಬಾಜೂದ್ದು ಏನೂ ಕಾಣಂಗಿಲ್ಲ. ಡಾಕ್ಟರು ಹೇಳ್ಯಾರಂತ."

ಕಾಕು ರೊಟ್ಟಿಯಿಂದ ಕೈ ತೆಗೆಯಲಿಲ್ಲ. "ಗೊತ್ತೈತಿ," ಎಂದರು.

ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಫ್ರಿಜ್‌ನ್ಯಾಗ ಉಪ್ಪಿನಕಾಯಿ ಡಬ್ಬಿ ಹಿಂದ ಔಷಧ ಇಡ್ತಾರ. ನನಗ ಕಾಣಂಗಿಲ್ಲ ಅಂತ ತಿಳದಾರ, ಪಾಪ. ಬಾಗಲಾ ಬಡಕೊಳ್ತಾರ, ತಾಟು ಕೊಟ್ರ ಗಾಳಿಯೊಳಗ ಹಿಡೀತಾರ. ನಲವತ್ತು ವರ್ಷ ಬಾಳೇ ಮಾಡೀನಿ, ನನಗ ತಿಳ್ಯಂಗಿಲ್ಲೇನು? ಆದ್ರ ಏನ್ ಹೇಳ್ಲಿ? ರವಿವಾರ ಹೊಳ್ಳಿ ಬಂದಾಗ ಅವರ ಮಾರಿ ನೋಡಿ ಸುಮ್ಮನಾಗತೀನಿ. ಮನ್ಯಾಗ ಕುಂತ್ರ ಅವರು ಉಳಿಯಂಗಿಲ್ಲವ್ವಾ. ಮತ್ತ ನೀ ಇರ್ತಿ ಅಂತ ಧೈರ್ಯ."

ನೀನಿರುತ್ತೀ ಅಂತ ಧೈರ್ಯ. ಅದನ್ನು ಕೇಳಿದ ಮೇಲೆ ಉಳಿದದ್ದನ್ನೂ ಹೇಳಲೇಬೇಕಾಯಿತು. ಚಾರೋಟಿಯಿಂದ ಬರುವಾಗ ನಾಯಿ ಅಡ್ಡ ಬಂದು ಬಿದ್ದೆ ಎಂದು ಕಾಕಾ ಮನೆಯಲ್ಲಿ ಹೇಳಿದ್ದರಂತೆ. ನಾನು ಜಾನಕಿಬಾಯಿಯ ಬಗ್ಗೆ ಹೇಳಿದೆ. ಪ್ಲಾಸ್ಟರಿನ ಬಗ್ಗೆ ಹೇಳಿದೆ. ಒಬ್ಬರೇ ವಾಶಿಗೆ ಹೋಗಿದ್ದನ್ನೂ, ದಾರಿಯ ಮಕ್ಕಳ ಸಾಲನ್ನೂ ಹೇಳಿದೆ.

ಕಾಕುವಿನ ಕೈ ನಿಂತಿತು. ಎಳ್ಳಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಅವರು ಬಿದ್ದು ಅವರದ್ದ ಕೈಕಾಲು ಮುರಕೊಂಡ್ರ ನಾ ಎಣ್ಣಿ ಹಚ್ಚಿ ತಿಕ್ಕತಿದ್ದೆ," ಎಂದರು. "ಬ್ಯಾರೆಯವರದ್ದು ಮುರದೈತಿ ಅಂದ್ರ ಮಾತ ಬ್ಯಾರೆ. ಆ ಫೋನ್ ಇಲ್ಲಿ ಕೊಡು."

ಮಗನಿಗೆ ಫೋನ್ ಹಚ್ಚಿ, "ಮಹೇಶಾ, ರವಿವಾರ ಗಾಡಿ ತಗೊಂಡ್ ಬಾ," ಎಂದಷ್ಟೇ ಹೇಳಿದರು. ನಾನು ಹೊರಟಾಗ ಎಳ್ಳುಬೆಲ್ಲ ಕೊಡಲು ಅವರು ಮರೆಯಲಿಲ್ಲ. ಒಳ್ಳೆಯ ಮಾತಾಡು ಎಂದು ಹೇಳಲು ಮಾತ್ರ ಇಬ್ಬರಿಗೂ ಬಾಯಿ ಬರಲಿಲ್ಲ.

ರವಿವಾರ ಬೆಳಿಗ್ಗೆ ನಾನು ಕೆಳಗಿಳಿಯಲಿಲ್ಲ. ಗ್ಯಾಲರಿಯಿಂದ ನೋಡಿದೆ. ಮಹೇಶ ಹಸಿರು ಸೈಕಲ್ಲಿನ ಗಾಲಿಗಳನ್ನು ಬಿಚ್ಚಿ ಕಾರಿನ ಹಿಂದೆ ಇಡುತ್ತಿದ್ದ. "ಪಪ್ಪಾ, ಪ್ಲೀಸ್... ಐಕಾ ನಾ. ಡಾಕ್ಟರ್ ಏನ್ ಹೇಳ್ತಾ ಇದಾರೆ, ಅದು... ಸಮಝೋ," ಎಂದು ತನಗೆ ಬಂದಷ್ಟು ಕನ್ನಡಕ್ಕೆ ಮರಾಠಿ, ಹಿಂದಿ ಬೆರೆಸಿ ಹೇಳುತ್ತಿದ್ದ. ಕಾಕಾ ಜಗಳ ಆಡಲಿಲ್ಲ. ಹಿಂದಿನ ಗಾಲಿ ಬಿಚ್ಚಲು ಬಾರದೆ ಮಗ ತಡಕಾಡಿದಾಗ ತಾವೇ ಬಗ್ಗಿ, ಕೈಯಿಂದ ಮುಟ್ಟಿ ನೋಡಿ, ಬಿಚ್ಚಿಕೊಟ್ಟರು. ಕಾರು ಹೋದ ಮೇಲೂ ಬಹಳ ಹೊತ್ತು ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದರು.

ಸಂಜೆ ನಾನೇ ಹೋದೆ. ಬಾಗಿಲು ತೆರೆದವರು ಕಾಕಾ. ಒಳಗೆ ಬಾ ಎನ್ನಲಿಲ್ಲ.

"ಇನ್ನ ಒಂದ ತಿಂಗಳ ಉಳದಿತ್ತು," ಎಂದರು. "ಒಂದ ತಿಂಗಳ."

"ಕಾಕಾ, ಆ ಮಕ್ಕಳು..."

"ಹೂಂ. ಸರಿ ಐತಿ ನಿಂದು. ನೀ ಹೇಳಿದ್ದು ಸರಿ ಐತಿ." ಬಾಗಿಲು ಮುಚ್ಚಿದರು. ಜೋರಾಗಿ ಅಲ್ಲ, ಮೆಲ್ಲಗೆ.

ಫೆಬ್ರವರಿಯ ಮುನ್ನೂರಕ್ಕೆ ನಾನು ಹೋಗಬಾರದು ಎಂದೇ ಇದ್ದೆ. ಹಿಂದಿನ ದಿನ ಮಧ್ಯಾಹ್ನ ಕಾಕು ಲಿಫ್ಟಿಲ್ಲದ ನಮ್ಮ ಬಿಲ್ಡಿಂಗಿನ ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತ, ಕಾಗದದಲ್ಲಿ ಸುತ್ತಿದ ನಾಲ್ಕು ಹೋಳಿಗೆ ತಂದುಕೊಟ್ಟರು. ಯಾರು ಕಳಿಸಿದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೆಳಗಿನ ನಾಲ್ಕಕ್ಕೆ ಠಾಣೆಯಿಂದ ಹೊರಟೆ. ಉಳಿದ ಸವಾರರೆಲ್ಲ ಇಪ್ಪತ್ತೈದು, ಮೂವತ್ತು ವರ್ಷದವರು, ಭಿವಂಡಿ ಬರುವಷ್ಟರಲ್ಲಿ ಅವರ ದೀಪಗಳು ಮಾಯ. ಪಡಘಾ, ಶಹಾಪುರ, ಖರ್ಡಿ. ಬೆಳಗಿನ ಗಾಳಿ ನಾಶಿಕದ ಕಡೆಯಿಂದ ಎದುರಿಗೆ ಬೀಸುತ್ತಿತ್ತು. ಬರುವಾಗ ಬೆನ್ನಿಗಾದೀತು ಎಂದು ಸಮಾಧಾನ ಮಾಡಿಕೊಂಡೆ. ಕಸಾರಾ ಘಾಟನ್ನು ಕಾಲೂರದೆ ಹತ್ತಿದೆ, ಲಾರಿಗಳು ನನಗಿಂತ ಸ್ವಲ್ಪ ಮಾತ್ರ ಮುಂದೆ ತೆವಳುತ್ತಿದ್ದವು. ಮೇಲೆ ಹತ್ತಿ ನೀರು ಕುಡಿಯುವಾಗ, ಇದನ್ನು ಯಾರಿಗಾದರೂ ಹೇಳಬೇಕು ಎನಿಸಿ, ತಿರುಗಿ ನೋಡಿದೆ. ಹಿಂದೆ ಖಾಲಿ ರಸ್ತೆ. ಇಗತಪುರಿಯ ಬಯಲಿನಲ್ಲಿ ಬೆಳೆ ಕೊಯ್ದ ಗದ್ದೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ನಾಶಿಕದಲ್ಲಿ ಸಿಕ್ಕಾ ಹಾಕಿಸಿಕೊಂಡು ತಿರುಗಿದರೆ ಗಾಳಿಯೂ ತಿರುಗಿತ್ತು. ಮಧ್ಯಾಹ್ನದ ಸಮುದ್ರದ ಗಾಳಿ, ಮತ್ತೆ ಎದುರಿಗೇ. ಇನ್ನೂರ ನಲವತ್ತನೆಯ ಕಿಲೋಮೀಟರಿನ ಸುಮಾರಿಗೆ ಒಂದು ಪೆಟ್ರೋಲ್ ಪಂಪಿನ ಹಿಂದೆ ಕೂತು ಅತ್ತೆ. ಕಾಲುನೋವಿಗೆ ಎಂದುಕೊಂಡೆ. ಹತ್ತು ನಿಮಿಷಕ್ಕೆ ಎದ್ದೆ.

ರಾತ್ರಿ ಒಂಬತ್ತಕ್ಕೆ ಠಾಣೆ ಮುಟ್ಟಿದೆ. ಮೂರು ತಾಸು ಉಳಿದಿತ್ತು. ಕಾರ್ಡು ತೆಗೆದುಕೊಂಡವರು ಬೆನ್ನು ತಟ್ಟಿದರು. ಗಂಡ ಕಾರು ತಂದಿದ್ದರು, ದಾರಿಯಲ್ಲಿ ನಿದ್ದೆಹೋದೆ.

ಮರುದಿನ ಕಾಕಾನ ಮನೆಗೆ ಹೋಗಲು ಧೈರ್ಯವಾಗಲಿಲ್ಲ. ನಾಳೆ, ನಾಳೆ ಎಂದು ಎರಡು ವಾರ ಕಳೆಯಿತು. ಆಮೇಲೊಂದು ಸಂಜೆ ನೋಡಿದರೆ ಮನೆಗೆ ಬೀಗ. ಬೊರಿವಲಿಗೆ, ಮಗನ ಮನೆಗೆ ಹೋದರು ಎಂದ ವಾಚ್‌ಮನ್.

ಮಾರ್ಚ್ ಕೊನೆಯ ವಾರ, ಬೆಳಿಗ್ಗೆ ಹತ್ತರ ಸುಮಾರು, ಆಸ್ಪತ್ರೆಯಲ್ಲಿ ನನ್ನ ಮುಂದೆ ನಲವತ್ತು ಮಂದಿಯ ಸಾಲು. ಟೋಕನ್ ಕರೆದೆ. ಮಹೇಶನ ತೋಳು ಹಿಡಿದು ಬಂದು ಕುರ್ಚಿಯಲ್ಲಿ ಕೂತವರು ಬಸವಂತ ಕಾಕಾ. ಉಳಿದಷ್ಟು ದೃಷ್ಟಿ ಕಾಯಲು ಮಾಡುವ ಕಣ್ಣಿನ ಆಪರೇಷನ್ನಿಗೆ ಮೊದಲಿನ ರಕ್ತಪರೀಕ್ಷೆ. ಚೀಟಿ ನನ್ನ ಕೈಗಿಟ್ಟು ಮಹೇಶ ಫೋನ್ ಬಂತೆಂದು ಹೊರಗೆ ಹೋದ. ನನ್ನ ಮುಖಕ್ಕೆ ಮಾಸ್ಕ್ ಇತ್ತು. ಕಾಕಾ ನೇರವಾಗಿ ಎದುರಿನ ಗೋಡೆ ನೋಡುತ್ತಿದ್ದರು. ನಾನು ಅವರ ಬದಿಗಿದ್ದೆ. ಅಂದರೆ ಅವರ ಪಾಲಿಗೆ ಎಲ್ಲಿಯೂ ಇರಲಿಲ್ಲ.

ದನಿ ಬದಲಿಸಿ, ಎಲ್ಲ ಮುದುಕರಿಗೂ ಹೇಳುವಂತೆ ಮರಾಠಿಯಲ್ಲಿ, "ಮೂಠ ಘಟ್ಟ ಕರಾ, ಆಜೋಬಾ," ಎಂದೆ. ಅವರು ಮುಷ್ಟಿ ಬಿಗಿದರು. ಬಿಸಿಲಿಗೆ ಸುಟ್ಟು ಕಪ್ಪಾಗಿದ್ದ ತೋಳು ಎರಡು ತಿಂಗಳಲ್ಲಿ ಬೆಳ್ಳಗಾಗಿತ್ತು. ನರ ಮಾತ್ರ ಇನ್ನೂ ಹಗ್ಗದಂತೆ ಎದ್ದಿತ್ತು, ಹುಡುಕಬೇಕಾಗಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತಿದೆ. ಅವರು ಹತ್ತಿ ಹಿಡಿದುಕೊಂಡರು, ಏಳಲಿಲ್ಲ.

"ಗಾಳಿ ಹೆಂಗಿತ್ತು ಸುನಂದಾ?" ಎಂದರು.

ನಾನು ಮಾಸ್ಕ್ ಕೆಳಗಿಳಿಸಿದೆ. "ಹೋಗೂ ಮುಂದ ಎದುರ ಇತ್ರಿ ಕಾಕಾ. ಬರೂ ಮುಂದನೂ ಎದುರ."

"ಹಂಗ ಇರ್ತೈತಿ ಅಲ್ಲೆ." ಹತ್ತಿ ಎತ್ತಿ ನೋಡಿ ಕೇಳಿದರು, "ಎಷ್ಟು ತಾಸಾತು?"

"ಹದಿನೇಳು."

"ನನಗ ಹದಿನೆಂಟೂವರಿ ಹಿಡಿದಿತ್ತು," ಎಂದರು. ಅವರ ತುಟಿಯ ಮೇಲೆ ಬಂದದ್ದು ನಗೆಯೋ ಏನೋ, ನನಗೆ ಇಂದಿಗೂ ಹೇಳಲು ಬರುವುದಿಲ್ಲ. ಏಳಲು ಹೋಗಿ ಕುರ್ಚಿಯ ಕೈ ಸಿಗದೆ ಗಾಳಿಯಲ್ಲಿ ತಡಕಿದರು. ನಾನು ನನ್ನ ಕೈ ಚಾಚಿದೆ. ಬೆರಳು ತಾಗಿದ ಕೂಡಲೇ ಅವರು ಕೈ ಹಿಂದೆ ತೆಗೆದುಕೊಂಡು, ಮತ್ತೊಮ್ಮೆ ತಡಕಿ, ಕುರ್ಚಿಯ ಕೈಯನ್ನು ತಾವೇ ಹುಡುಕಿ ಹಿಡಿದು ಎದ್ದರು. ಅಷ್ಟರಲ್ಲಿ ಮಹೇಶ ಬಂದ. ಇಬ್ಬರೂ ಸಾಲಿನ ಪಕ್ಕದಿಂದ, ಗೋಡೆ ಹಿಡಿದುಕೊಂಡು, ಬಾಗಿಲ ಕಡೆಗೆ ನಡೆದರು. ಅದೇ ಕೊನೆ, ಆಮೇಲೆ ನಮ್ಮ ನಡುವೆ ಮಾತಾಗಲಿಲ್ಲ.

"ಓ ಬಾಯಿ, ಮಾಝಾ ನಂಬರ್," ಎಂದು ತನ್ನ ಸರದಿ ನೆನಪಿಸುತ್ತ ಸಾಲಿನಲ್ಲಿದ್ದ ಹೆಂಗಸು ಕೂಗಿದಳು. ನಾನು ಚೀಟಿ ನೋಡಿ, ಕಾಕಾನ ಹೆಸರು, ವಯಸ್ಸು ಬರೆದು ರಕ್ತದ ಟ್ಯೂಬಿಗೆ ಅಂಟಿಸಿದೆ. ರ‍್ಯಾಕಿನಲ್ಲಿ ಇಡುವ ಮುನ್ನ ಒಂದು ಕ್ಷಣ ಅಂಗೈಯಲ್ಲಿ ಹಿಡಿದುಕೊಂಡೆ. ಇನ್ನೂ ಬೆಚ್ಚಗಿತ್ತು.